ಮೆದು ಚಿಪ್ಪಿನ ಕಾಲ

ಬಾರ್ಕೂರಿನ ತೆಂಕು ಬದಿಯಲ್ಲಿ ಸೀತಾನದಿಗೆ ಅವಸರವಿಲ್ಲ. ಆಗುಂಬೆ ಕಡೆಯ ಘಟ್ಟದಲ್ಲಿ ಬಂಡೆಯಿಂದ ಬಂಡೆಗೆ ಧುಮುಕಿ ಬಂದ ನೀರು ಇಲ್ಲಿ ಅಗಲವಾಗಿ ಮಲಗುತ್ತದೆ, ದಿನಕ್ಕೆ ಎರಡು ಸಲ ಹಿಮ್ಮುಖವಾಗಿಯೂ ಹರಿಯುತ್ತದೆ. ಭರತದ ಹೊತ್ತಿಗೆ ಹಂಗಾರಕಟ್ಟೆಯ ಅಳಿವೆಯಿಂದ ಉಪ್ಪುನೀರು ಸದ್ದಿಲ್ಲದೆ ಏರಿ ಕಾಂಡ್ಲಾ ಗಿಡಗಳ ಮೊಣಕಾಲು ಮುಟ್ಟುತ್ತದೆ. ಇಳಿತದಲ್ಲಿ ಅದೇ ನೀರು ಹಿಂದೆ ಸರಿದಾಗ ಬೂದುಗಪ್ಪು ಕೆಸರು ಹೊಳೆಯುತ್ತ ಹೊರಬೀಳುತ್ತದೆ, ಸಾವಿರ ಬಿಲಗಳು ಬಾಯಿ ತೆರೆಯುತ್ತವೆ.

ಆ ಕೆಸರಿನಲ್ಲಿ, ಕಾಂಡ್ಲಾ ಬೇರುಗಳ ಬುಡದಲ್ಲಿ, ಒಮ್ಮೊಮ್ಮೆ ಏಡಿ ಬಿಟ್ಟುಹೋದ ಚಿಪ್ಪು ಸಿಗುತ್ತದೆ. ಏನೊಂದೂ ಕಡಿಮೆಯಿರುವುದಿಲ್ಲ. ಕಾಲುಗಳು, ಇಕ್ಕುಳಗಳು, ಕಣ್ಣಿನ ಮೇಲಿನ ತೆಳು ಪಾರದರ್ಶಕ ಪೊರೆ, ಬಾಯಂಚಿನ ಸಣ್ಣ ರೋಮಗಳು ಸಹ. ಬೆನ್ನುಚಿಪ್ಪು ಹೊಟ್ಟೆಯನ್ನು ಕೂಡುವ ಹಿಂಬದಿಯಲ್ಲಿ ಮಾತ್ರ ಒಂದು ಸೀಳು. ಏಡಿ ಹಿಂದುಹಿಂದಕ್ಕೆ ಸರಿಯುತ್ತ, ಒಂದೊಂದೇ ಕಾಲನ್ನು ಅದರದರ ಕೊಳವೆಯಿಂದ ಎಳೆದುಕೊಳ್ಳುತ್ತ, ಆ ಸೀಳಿನಿಂದ ಹೊರಬಂದಿರುತ್ತದೆ.

ಹೊರಬಂದ ಏಡಿ ದೂರ ಹೋಗಿರುವುದಿಲ್ಲ. ಬೇರಿನ ಸಂದಿನಲ್ಲಿ ನೆರಳಿಗೆ ಅಂಟಿಕೊಂಡು ಕೂತಿರುತ್ತದೆ. ಮೈ ತಿಳಿಯಾದ ಪಾಚಿಹಸಿರು, ಕೀಲುಗಳಲ್ಲಿ ನೀಲಿಯ ಛಾಯೆ. ಕಡ್ಡಿ ತಾಗಿದ ಕಡೆ ಬೆನ್ನು ತಗ್ಗುತ್ತದೆ. ಅದು ನೀರು ಹೀರಿ ಉಬ್ಬುತ್ತಿರುತ್ತದೆ. ಹಳೆಯ ಚಿಪ್ಪಿನೊಳಗೆ ಬೆಳೆಯಲು ಜಾಗವಿರಲಿಲ್ಲ, ಹೊಸದು ಗಟ್ಟಿಯಾದ ಮೇಲೂ ಇರುವುದಿಲ್ಲ. ನಡುವಿನ ಈ ಮೆದು ಹೊತ್ತಿನಲ್ಲಿ ಎಷ್ಟು ಹಿಗ್ಗಿತೋ ಅಷ್ಟೇ ಅದರ ಬೆಳವಣಿಗೆ. ಕೊಕ್ಕರೆಗೆ, ಮೀನಿಗೆ, ತನ್ನದೇ ಜಾತಿಯ ಗಟ್ಟಿ ಚಿಪ್ಪಿನ ಇನ್ನೊಂದು ಏಡಿಗೆ ಅದು ಸುಲಭದ ತುತ್ತಾಗುವುದೂ ಇದೇ ಹೊತ್ತಿನಲ್ಲಿ. ಒಮ್ಮೆ ಅಂಥ ಮೆದು ಏಡಿಯ ಮೇಲೆ ನನ್ನ ನೆರಳು ಬಿದ್ದಾಗ ಅದು ಎರಡೂ ಇಕ್ಕುಳಗಳನ್ನು ಅಗಲಿಸಿ ಎತ್ತಿತು. ನೋಡಲು ಭಯಂಕರ ಭಂಗಿ. ಆ ಇಕ್ಕುಳಗಳಿಗೆ ಒಂದು ಎಲೆ ಹಿಡಿಯುವ ಬಲವೂ ಆಗ ಇರಲಿಲ್ಲ.

ದಂಡೆಯ ತೆಂಗಿನ ತೋಟದಲ್ಲಿ, ಹೊಳೆಯ ಕಡೆ ಬಾಗಿದ ಮರವೊಂದರ ಮಡಲುಗಳ ನಡುವೆ, ಗರುಡನ ಗೂಡಿತ್ತು. ಚಳಿಗಾಲದಲ್ಲಿ ಕಡ್ಡಿ ಹೊತ್ತು ಹಾರುವ ಜೋಡಿಯನ್ನು ಕಂಡಾಗಿನಿಂದ ನನ್ನ ಸಂಜೆಗಳು ಅಲ್ಲಿಗೇ ಸೇರಿಹೋದವು. ದೊಡ್ಡ ಹಕ್ಕಿಗಳ ಮೈ ಗಾಢ ಕಾವಿ. ತಲೆ, ಕತ್ತು, ಎದೆ ಬಿಳಿ. ಬೆಳಕು ಓರೆಯಾಗಿ ಬಿದ್ದರೆ ಆ ಬಿಳಿಯಲ್ಲಿ ಕೂದಲೆಳೆಯಷ್ಟು ಸಣ್ಣ ಕಪ್ಪು ಗೀರುಗಳು ಕಾಣುತ್ತವೆ. ಗರುಡ ತಲೆಯ ಮೇಲೆ ಸುತ್ತಿದರೆ ಇಲ್ಲಿಯ ಹಿರಿಯರು ಈಗಲೂ ನಿಂತಲ್ಲೇ ಕೈಮುಗಿಯುತ್ತಾರೆ.

ಮರಿಗೆ ಆ ವೈಭವವಿಲ್ಲ. ಅದರ ಮೈ ಒಣಗಿದ ಅಡಿಕೆ ಸಿಪ್ಪೆಯ ಕಂದು. ನೆತ್ತಿಯಲ್ಲೂ ಎದೆಯಲ್ಲೂ ಮಾಸಲು ಹಳದಿಯ ಗೀರುಗಳು, ಕಣ್ಣಿನ ಹಿಂದೆ ಮಸಿ ಸವರಿದ ಗುರುತು. ಹದ್ದು ಎಂದೇ ಜನ ಅದನ್ನು ತಿಳಿಯುತ್ತಾರೆ. ಎರಡನೆಯ ವರ್ಷ ಬಣ್ಣ ಇನ್ನೂ ಕಲಸಿಹೋಗಿ ಬೂದು ಕಂದು ಎರಡೂ ಅಲ್ಲದಂತಾಗುತ್ತದೆ. ಬಿಳಿ ತಲೆ ಮೂಡುವುದು ಮೂರನೆಯ ವರ್ಷ. ಅಲ್ಲಿಯವರೆಗೆ ಅದಕ್ಕೆ ಕೈಮುಗಿಯುವವರಿಲ್ಲ.

ಮೊದಮೊದಲು ಅದು ಗೂಡಿನ ಅಂಚಿಗೆ ಬಂದು ಕಡಲಗಾಳಿಗೆ ರೆಕ್ಕೆ ಬಿಡಿಸಿ ನಿಲ್ಲುತ್ತಿತ್ತು. ಗಾಳಿ ಎತ್ತಿದೊಡನೆ ಉಗುರುಗಳು ಕಡ್ಡಿಯನ್ನು ಬಿಗಿಯಾಗಿ ಹಿಡಿಯುತ್ತಿದ್ದವು. ಮೈ ಮೇಲೇಳುತ್ತಿತ್ತು, ಕಾಲು ಬಿಡುತ್ತಿರಲಿಲ್ಲ. ಇದು ಬಹಳ ಸಂಜೆ ನಡೆಯಿತು. ಆಮೇಲೆ ಒಂದು ಬದಲಾವಣೆ ಕಂಡೆ. ಮೀನು ತಂದ ತಾಯಿ ಗೂಡಿಗೆ ಇಳಿಯದೆ ಎರಡು ಮರ ಆಚೆ ಕೂತಿತು. ಮರಿ ಮೂಗಿನಿಂದ ಹೊರಡುವ ಎಳೆದ ದನಿಯಲ್ಲಿ ಕೂಗಿ ಕೂಗಿ ಸುಸ್ತಾಯಿತು. ತಾಯಿ ಮೀನನ್ನು ಕಾಲಡಿ ಒತ್ತಿಕೊಂಡು, ತಿನ್ನದೆ, ಕೊಡದೆ, ತಲೆ ಓರೆ ಮಾಡಿ ನೋಡುತ್ತ ಕೂತೇ ಇತ್ತು. ಬೆಳಕು ಕಂದುವ ಹೊತ್ತಿಗೆ ಮರಿ ಆ ಎರಡು ಮರದ ದೂರವನ್ನು ದಾಟಿತು. ಅದನ್ನು ಹಾರಾಟ ಎನ್ನಲಾಗದು. ಅರ್ಧ ಬೀಳುವಿಕೆ, ಅರ್ಧ ಹಟ.

ಹಾರಲು ಬಂದ ಮೇಲೆ ಅದರ ದಿನಗಳೆಲ್ಲ ಆಟ. ಒಣ ಎಲೆಯೊಂದನ್ನು ಉಗುರಲ್ಲಿ ಹಿಡಿದು ಎತ್ತರಕ್ಕೆ ಹೋಗುವುದು, ಬಿಟ್ಟುಬಿಡುವುದು, ಅದು ತೇಲುತ್ತ ಇಳಿಯುವಾಗ ಮಗ್ಗುಲಾಗಿ ಬಂದು ಮತ್ತೆ ಹಿಡಿಯುವುದು. ಹಿಡಿದದ್ದಕ್ಕಿಂತ ತಪ್ಪಿದ್ದು ಹೆಚ್ಚು. ಈ ಎಲೆಯಾಟವನ್ನು ಗರುಡನ ಮರಿಗಳಲ್ಲಿ ಪಕ್ಷಿಶಾಸ್ತ್ರಜ್ಞರೂ ದಾಖಲಿಸಿದ್ದಾರೆ. ಒಂದು ಸಂಜೆ ಎಲೆಯ ಹಿಂದೆ ಹೋದ ಮರಿ ನೇರ ಹೊಳೆಗೆ ಬಿತ್ತು. ರೆಕ್ಕೆಗಳನ್ನು ನೀರಿನ ಮೇಲೆ ಹರಡಿ, ಹುಟ್ಟು ಹಾಕುತ್ತ, ದಂಡೆಯ ಕಡೆ ಬಂದು, ನಾಲ್ಕಾರು ಬಡಿತಕ್ಕೆ ಮೇಲೆದ್ದಿತು. ತಂದೆಯೋ ತಾಯಿಯೋ ವಿದ್ಯುತ್ ಕಂಬದ ತುದಿಯಿಂದ ಎಲ್ಲವನ್ನೂ ಕಂಡಿತು. ಹಾರಿ ಬರಲಿಲ್ಲ, ಕತ್ತು ಮಾತ್ರ ಮರಿ ಹೋದ ಕಡೆಗೆಲ್ಲ ತಿರುಗುತ್ತಿತ್ತು.

ಮರಿಗೆ ಇನ್ನೊಂದು ಸೆಳೆತ ಮೀನು ಮಾರುವ ಜಾಗ. ಕೊಯ್ದು ಎಸೆದ ತಲೆ, ಕರುಳು ರಸ್ತೆಯಂಚಿನಲ್ಲೇ ಬಿದ್ದಿರುತ್ತದೆ. ಹೊಳೆಯಲ್ಲಿ ಹತ್ತು ಸಲ ಎರಗಿದರೂ ಸಿಗದ ಊಟ ಅಲ್ಲಿ ಪುಕ್ಕಟೆ. ತಂತಿಗಳ ನಡುವೆ ಇಳಿದು, ಲಾರಿ ಬಸ್ಸುಗಳ ಗಾಳಿಗೆ ರೆಕ್ಕೆ ಕೆದರಿಸಿಕೊಂಡು, ಅದು ಅಲ್ಲಿ ನಿಲ್ಲುವುದನ್ನು ಕಂಡಾಗ ನನಗೆ ಕಸಿವಿಸಿ. ದೊಡ್ಡ ಗರುಡಗಳೂ ಅಲ್ಲಿಗೆ ಬರುತ್ತವೆ, ಆದರೆ ಇಳಿದು ಕೂರುವುದಿಲ್ಲ. ಹಾರುತ್ತಲೇ ಎತ್ತಿಕೊಂಡು ಹೋಗುತ್ತವೆ.

ಕಾಲೇಜು ಬಿಟ್ಟ ಮೇಲೆ ಹುಡುಗರು ಅದೇ ದಂಡೆಗೆ ಬರುತ್ತಿದ್ದರು. ನಾನು ಅವರನ್ನು ನೋಡಲು ಹೋದವನಲ್ಲ. ಒಂದೇ ಜಾಗದಲ್ಲಿ ದಿನವೂ ಕೂತವನ ಕಣ್ಣಿಗೆ ಆಯ್ಕೆಯಿರುವುದಿಲ್ಲ.

ಹದಿನೈದು, ಹದಿನಾರು, ಹದಿನೇಳರವರು. ಮೇಲ್ತುಟಿಯ ಮೇಲೆ ಇನ್ನೂ ಕೂದಲಾಗದ ಮಬ್ಬು, ಮೈಗಿಂತ ಮುಂಚೆ ಬೆಳೆದುಬಿಟ್ಟ ಕೈಕಾಲು. ದನಿ ಒಂದು ವಾಕ್ಯದೊಳಗೇ ಒಡೆದು ಎರಡಾಗುತ್ತಿತ್ತು. ಸಮವಸ್ತ್ರದ ಅಂಗಿ ಕಳಚಿ ಕಾಂಡ್ಲಾ ಕೊಂಬೆಗೆ ತೂಗುಹಾಕಿ, ಬಾಗಿದ ಇನ್ನೊಂದು ತೆಂಗಿನ ಮರವನ್ನು ಏರಿ, ಅಲ್ಲಿಂದ ಹೊಳೆಗೆ ಹಾರುವುದು ಅವರ ಆಟ. ಅವರಲ್ಲಿ ಒಬ್ಬನಿಗೆ ಈಜು ಬಾರದು ಎಂದು ನನಗೆ ಯಾರೂ ಹೇಳಲಿಲ್ಲ. ಅವನು ಪಾದ ಮಾತ್ರ ಒದ್ದೆ ಮಾಡಿಕೊಳ್ಳುತ್ತಿದ್ದ, ಅಂಗಿ ಕಾಯುವ ನೆಪ ಹೂಡುತ್ತಿದ್ದ. ಎಲ್ಲರೂ ನಕ್ಕಾಗ ಅವನ ನಗು ಅರೆಕ್ಷಣ ತಡವಾಗಿ ಬರುತ್ತಿತ್ತು. ನಗುವ ಮುಂಚೆ ಅವನ ಕಣ್ಣು ಗುಂಪಿನ ಎತ್ತರದ ಹುಡುಗನ ಕಡೆ ಹೋಗಿ ಬರುತ್ತಿತ್ತು. ನಿಧಾನವಾಗಿ, ಸಂಜೆಯಿಂದ ಸಂಜೆಗೆ, ಅವನು ಮರದ ಬುಡಕ್ಕೆ ಹತ್ತಿರವಾಗುತ್ತಿದ್ದ.

ಇನ್ನೊಂದು ಸಂಗತಿಯನ್ನು ಖಚಿತವಾಗಿ ಹೇಳಬಲ್ಲೆ. ಯಾರಾದರೂ ಮೊಬೈಲ್ ಎತ್ತಿ ಹಿಡಿದಾಗ ಹಾರುವ ಎತ್ತರ ಏರುತ್ತಿತ್ತು. ಮೊಬೈಲ್ ಜೇಬಿಗೆ ಹೋದ ಮೇಲೆ ಅದೇ ಹುಡುಗರು ಕೆಳಗಿನ ಗೆಣ್ಣಿನಿಂದ, ಮೂಗು ಮುಚ್ಚಿಕೊಂಡು, ಮಕ್ಕಳಂತೆ ಹಾರುತ್ತಿದ್ದರು.

ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಂಥದನ್ನೇ ಅಳೆದಿತ್ತು. ಕಂಪ್ಯೂಟರ್ ಪರದೆಯ ಮೇಲೆ ಕಾರು ಓಡಿಸುವ ಆಟ. ಹಳದಿ ದೀಪ ಕಂಡ ಮೇಲೂ ಮುಂದೆ ಹೋಗುವುದೇ, ನಿಲ್ಲುವುದೇ ಎಂಬ ಪರೀಕ್ಷೆ. ಗೆಳೆಯರು ಪಕ್ಕದಲ್ಲಿ ನಿಂತು ನೋಡುವಾಗ ಹದಿಹರೆಯದವರು ಒಂಟಿಯಾಗಿದ್ದಾಗಿನದಕ್ಕಿಂತ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. ಇಪ್ಪತ್ತನಾಲ್ಕು ದಾಟಿದವರಲ್ಲಿ ಗೆಳೆಯರಿದ್ದರೂ ಇಲ್ಲದಿದ್ದರೂ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಅಪಾಯವೆಂದರೇನು ಎಂದು ಹುಡುಗರಿಗೆ ಗೊತ್ತಿಲ್ಲ ಎನ್ನುವುದು ನಿಜವಲ್ಲ. ಒಬ್ಬನೇ ಇರುವಾಗ ಗೊತ್ತಿರುವುದು ಗೆಳೆಯರ ಕಣ್ಣೆದುರು ಉಪಯೋಗಕ್ಕೆ ಬರುವುದಿಲ್ಲ, ಅಷ್ಟೆ. ಈಗ ಆ ಕಣ್ಣುಗಳು ಜೇಬಿನಲ್ಲಿ ಸಾವಿರಗಟ್ಟಲೆ.

ಹೊಳೆಗೆ ಇದಾವುದೂ ತಿಳಿಯದು. ಇಳಿತದ ನೀರು ಮೇಲಿನಿಂದ ನಯವಾಗಿ ಕಾಣುತ್ತದೆ, ಅಡಿಯಲ್ಲಿ ಎಳೆಯುತ್ತದೆ. ಮರಳು ತೆಗೆದ ಕಡೆ ಮೊಣಕಾಲುದ್ದದ ಪಕ್ಕದಲ್ಲೇ ಆಳುದ್ದದ ಗುಂಡಿ. 2023ರ ಏಪ್ರಿಲ್‌ನಲ್ಲಿ ಈದ್ ಹಬ್ಬಕ್ಕೆ ಸೇರಿದ್ದ ನಾಲ್ವರು ಹುಡುಗರು ಇದೇ ಸೀತಾನದಿಯಲ್ಲಿ, ಬ್ರಹ್ಮಾವರದ ಬದಿಯಲ್ಲಿ, ಮರುವಾಯಿ ಚಿಪ್ಪು ಹೆಕ್ಕಲು ಇಳಿದು ಮುಳುಗಿದರು. ಅದೇ ವರ್ಷದ ಜುಲೈಯಲ್ಲಿ ಕೊಲ್ಲೂರು ಬಳಿಯ ಅರಸಿನಗುಂಡಿ ಜಲಪಾತದ ಬಂಡೆಯ ಮೇಲೆ ನಿಂತು ನೀರು ನೋಡುತ್ತಿದ್ದ ಯುವಕನೊಬ್ಬ, ಗೆಳೆಯ ವಿಡಿಯೊ ಮಾಡುತ್ತಿದ್ದಾಗಲೇ ಕಾಲು ಜಾರಿದ. ಆ ವಿಡಿಯೊ ನಾಡಿನ ಮೊಬೈಲುಗಳಲ್ಲೆಲ್ಲ ಓಡಾಡಿತು. ಎಷ್ಟು ಜನ ನೋಡಿದರೋ ಅಷ್ಟೂ ಜನ ತಡವಾಗಿ ನೋಡಿದರು.

ನೀರಿನದು ಎದ್ದು ಕಾಣುವ ಅಪಾಯ. ಉಳಿದವು ಇಷ್ಟು ಸದ್ದು ಮಾಡುವುದಿಲ್ಲ. ಕಾಂಡ್ಲಾ ಮರೆಯಲ್ಲಿ ಒಂದು ಸಿಗರೇಟು ನಾಲ್ಕು ಕೈ ದಾಟುವಾಗ ಎಲ್ಲಕ್ಕಿಂತ ಚಿಕ್ಕವನು ಕೆಮ್ಮನ್ನು ನುಂಗುವ ಬಗೆ ನೋಡಬೇಕು. ಕತ್ತಿನ ನರ ಎದ್ದು, ಕಣ್ಣು ತುಂಬಿ, ಮುಖ ಮಾತ್ರ ಅಲುಗದು. ಕರ್ನಾಟಕದಲ್ಲಿ ಈಗ ಇಪ್ಪತ್ತೊಂದು ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಗುಟ್ಕಾ 2013ರಿಂದಲೇ ನಿಷಿದ್ಧ. ಆದರೆ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಎರಡನ್ನೂ ಅಂಗೈಯಲ್ಲಿ ಕಲಸಿಕೊಳ್ಳುವುದು ನಾಜೂಕಿನ ಕೆಲಸವೇನಲ್ಲ. ಮಗ ಅಪ್ರಾಪ್ತನಾಗಿ ಸ್ಕೂಟರ್ ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಮಗನಿಗೆ ಇಪ್ಪತ್ತೈದರವರೆಗೆ ಲೈಸೆನ್ಸ್ ಇಲ್ಲ. ಆ ದಂಡೆಗೆ ಸ್ಕೂಟರುಗಳು ಮೂವರನ್ನು ಹೊತ್ತೇ ಬರುತ್ತಿದ್ದವು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಕಾನೂನು ಮಾಡಿ ನಿಲ್ಲಿಸಿತು. ಹೆಬ್ಬೆರಳುಗಳ ಚಲನೆಯಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ.

ಹುಡುಗಿಯರು ಹೊಳೆದಂಡೆಗೆ ಬರುವುದು ಅಪರೂಪ. ಅವರ ಅಪಾಯಗಳಿಗೆ ಸದ್ದು ಇನ್ನೂ ಕಡಿಮೆ. ಬಸ್ಸಿಗೆ ಕಾಯುತ್ತಿದ್ದ ಒಬ್ಬಳನ್ನು ಕಂಡೆ. ಮೊಬೈಲ್ ಓದುತ್ತ ತುಟಿಯಂಚಿನಲ್ಲಿ ನಗುತ್ತಿದ್ದಳು. ನಗು ಅಳಿಯಲಿಲ್ಲ, ಅಲ್ಲೇ ಉಳಿದು, ನಗುವಾಗಿರುವುದು ಮಾತ್ರ ನಿಂತುಹೋಯಿತು. ಮೊಬೈಲನ್ನು ಮಗುಚಿ ಬ್ಯಾಗಿನ ಮೇಲಿಟ್ಟಳು. ಅದು ನಡುಗಿತು. ಮತ್ತೆ ನಡುಗಿತು. ಪಕ್ಕದವಳು ಏನನ್ನೂ ಕೇಳದೆ ಆ ಮೊಬೈಲಿನ ಮೇಲೆ ತನ್ನ ಅಂಗೈ ಇಟ್ಟು, ಬಸ್ಸು ಬರುವವರೆಗೂ ಹಾಗೇ ಕೂತಳು. ಅವಳಿಗೂ ಹದಿನಾರು ದಾಟಿರಲಾರದು.

ಹಾಲಕ್ಕಿ ಗೂಬೆಗಳ ದನಿ ಕೇಳಲು ನಾನು ನಡುರಾತ್ರಿ ಬಾರ್ಕೂರಿನ ಕೋಟೆಕೇರಿಯ ಓಣಿಗಳಲ್ಲಿ ನಿಲ್ಲುವುದುಂಟು. ಕೆಂಪುಕಲ್ಲಿನ ಹಳೆಯ ಗೋಡೆಗಳ ನಡುವೆ ಕತ್ತಲೆ ಮಂದವಾಗಿರುತ್ತದೆ. ಆ ಕತ್ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಕಿಟಕಿಯಲ್ಲಿ ತಣ್ಣನೆಯ ನೀಲಿ ಬೆಳಕು ಹಿಗ್ಗಿ ಕುಗ್ಗುತ್ತಿರುತ್ತದೆ. ಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಮೈಯಲ್ಲಿ ತಡವಾಗಿ ಏರುತ್ತದೆ ಎಂಬುದನ್ನು ಮೇರಿ ಕಾರ್ಸ್ಕಡನ್ ಮೊದಲಾದವರು ದಶಕಗಳ ಹಿಂದೆಯೇ ತೋರಿಸಿದ್ದಾರೆ. ಅವರ ಎಚ್ಚರಕ್ಕೆ ಮೈಯಲ್ಲೇ ಕಾರಣವಿದೆ. ಆ ಎಚ್ಚರದ ಹೊತ್ತಿನಲ್ಲಿ ಜೊತೆಗೆ ಯಾರಿದ್ದಾರೆ ಎಂಬುದು ಗೋಡೆಯಾಚೆ ಮಲಗಿದ ಮನೆಯವರಿಗೆ ತಿಳಿಯುವುದಿಲ್ಲ. ಮೊದಲಾದರೆ ಜಗುಲಿಯಲ್ಲಿ ಮಲಗುತ್ತಿದ್ದ ಅಜ್ಜನೊಬ್ಬ ಕೆಮ್ಮುತ್ತ ಎಚ್ಚರವಿರುತ್ತಿದ್ದ.

ಈ ಊರಿನ ಹಳೆಯ ಕತೆಯಲ್ಲೂ ಒಬ್ಬ ಹುಡುಗನಿದ್ದಾನೆ. ಅರಸ ದೇವಪಾಂಡ್ಯನ ಹಡಗಿಗೆ ಕುಂಡೋದರನೆಂಬ ಭೂತ ಬಲಿ ಕೇಳಿತಂತೆ. ಹೆಂಡತಿ ತನ್ನ ಮಕ್ಕಳನ್ನು ಕೊಡಲೊಪ್ಪಲಿಲ್ಲ, ತಂಗಿ ತನ್ನ ಮಗ ಜಯಪಾಂಡ್ಯನನ್ನು ಮುಂದೆ ಬಿಟ್ಟಳು. ಭೂತ ಹುಡುಗನನ್ನು ಕೊಲ್ಲದೆ ಹರಸಿತು. ಅವನೇ ಭೂತಾಳಪಾಂಡ್ಯನಾಗಿ ಬಾರ್ಕೂರನ್ನು ಆಳಿದ, ಸೋದರಳಿಯನೇ ವಾರಸುದಾರನಾಗುವ ಅಳಿಯಸಂತಾನ ಕಟ್ಟು ಅಲ್ಲಿಂದ ಬಂತು ಎನ್ನುತ್ತಾರೆ. ಕತೆಯ ಚರಿತ್ರೆ ಏನೇ ಇರಲಿ, ಕಟ್ಟು ನಿಜ. ಸೋದರಳಿಯ ಹದಿಹರೆಯಕ್ಕೆ ಬರುತ್ತಿದ್ದಂತೆ ಅವನ ಮೇಲೆ ಕಣ್ಣಿಡುವ ಹೊಣೆ ಸೋದರಮಾವನದಾಗಿತ್ತು. ಆ ಕಣ್ಣು ಹಿತವಾದದ್ದೇ ಆಗಿತ್ತು ಎಂದು ನಾನು ಹೇಳಲಾರೆ. ಮಾವನ ದರ್ಪಕ್ಕೆ ನಲುಗಿದ ಹುಡುಗರೂ ಇದ್ದರು, ಹುಡುಗಿಯರ ಬೇಕು ಬೇಡಗಳನ್ನು ಕೇಳಿದವರೂ ಕಡಿಮೆ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಆಸ್ತಿಯ ಪಾಲಿಗೆ ದಾರಿ ತೆರೆಯಿತು, ಕುಟುಂಬಗಳು ಒಡೆದವು. ಅದು ನ್ಯಾಯವೇ ಆಗಿತ್ತು. ಆದರೆ ಒಡೆದ ಮನೆಗಳೊಂದಿಗೆ ಆ ಕಣ್ಣಿನ ಜಾಗವೂ ಖಾಲಿಯಾಯಿತು.

ಹೋಟೆಲ್ ಕೆಲಸಕ್ಕೆಂದು ಮೀಸೆ ಮೂಡುವ ಮುಂಚೆಯೇ ಮುಂಬಯಿಗೆ ಹೋದ ಹುಡುಗರ ಊರುಗಳಿವು. ಅಪಾಯಕ್ಕೂ ಆಮಿಷಕ್ಕೂ ಆ ಶಹರದಲ್ಲಿ ಬರವಿರಲಿಲ್ಲ. ಅವರ ಕಿಸೆಯಲ್ಲಿ ಊರಿನವರೊಬ್ಬರ ವಿಳಾಸವಿರುತ್ತಿತ್ತು. ಹಗಲು ಲೋಟ ತೊಳೆದು ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸಿದರೆ, ಬಾರದ ದಿನ ಯಾಕೆ ಬರಲಿಲ್ಲ ಎಂದು ಗಮನಿಸುವ ಒಬ್ಬ ಮಾಸ್ತರರಿದ್ದರು. ಬಡಗುತಿಟ್ಟಿನ ಯಕ್ಷಗಾನ ಮೇಳ ಸೇರಿದವನು ಕೋಡಂಗಿ, ಬಾಲಗೋಪಾಲ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವಾಗ ಭಾಗವತರ ಕಣ್ಣು ಅವನ ಹೆಜ್ಜೆಯ ಮೇಲಿತ್ತು.

ಗರುಡನ ಮರಿ ಮನುಷ್ಯರ ಮಗನಲ್ಲ. ಒಂದರಿಂದ ಇನ್ನೊಂದಕ್ಕೆ ನೀತಿ ತೆಗೆಯುವುದು ನನಗೆ ಇಷ್ಟವಿಲ್ಲದ ಕೆಲಸ. ಹಾಗಾಗಿ ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಕೆಲವು ಸಂಜೆ ಒಬ್ಬ ಮುದುಕರು ಬಲೆ ಹೊತ್ತು ಬಂದು ದಂಡೆಯಲ್ಲಿ ಕೂತು ಹರಿದ ಕಣ್ಣುಗಳನ್ನು ಹೊಲಿಯುತ್ತಿದ್ದರು. ಹುಡುಗರ ಕಡೆ ಅವರು ತಲೆಯೆತ್ತುತ್ತಿದ್ದುದೇ ಕಡಿಮೆ. ಅವರು ಕೂತ ಸಂಜೆಗಳಲ್ಲಿ ಹುಡುಗರು ತುದಿಯ ಗೆಣ್ಣಿಗೆ ಏರಲಿಲ್ಲ. ಸಿಗರೇಟಿನ ಹೊಗೆ ಬರಲಿಲ್ಲ. ಆಟ ನಿಲ್ಲಲಿಲ್ಲ, ನಗು ಅಷ್ಟೇ ಇತ್ತು, ಬೈಗುಳ ಸ್ವಲ್ಪ ಕಡಿಮೆ. ನೀರು ತಿರುಗಿದ ಹೊತ್ತಿಗೆ ಮುದುಕರು ದಾರವನ್ನು ಹಲ್ಲಿನಿಂದ ಕಡಿಯುತ್ತ ಒಂದೇ ಮಾತು ಹೇಳುತ್ತಿದ್ದರು: “ಹೊಳಿ ಇಳಿತಾ ಇತ್ತ್ ಮಕ್ಳೇ, ಮೇಲ್ ಬನ್ನಿ.” ಎತ್ತರದ ಹುಡುಗ ಎಲ್ಲರಿಗಿಂತ ಮೊದಲು ಮೇಲೆ ಬರುತ್ತಿದ್ದ.

ಈಜು ಬಾರದ ಹುಡುಗನನ್ನು ಅವರು ಬಲೆಯ ಇನ್ನೊಂದು ತುದಿ ಹಿಡಿಯಲು ಕರೆದರು. ಎರಡು ಮೂರು ವಾರ ಹಿಡಿದ. ಆಮೇಲೆ ಒಂದು ಮಧ್ಯಾಹ್ನ, ಬೇರಾರೂ ಇಲ್ಲದಾಗ, ಭರತದ ನಿಂತ ನೀರಿನಲ್ಲಿ, ಎದೆಯಡಿಗೆ ಒಣ ತೆಂಗಿನಕಾಯಿ ಜೋಡಿ ಕಟ್ಟಿಕೊಂಡು ಅವನು ಕೈಕಾಲು ಬಡಿಯುವುದನ್ನು ಕಂಡೆ. ಮುದುಕರು ಸೊಂಟದುದ್ದ ನೀರಿನಲ್ಲಿ ನಿಂತಿದ್ದರು. ಹಿಡಿದುಕೊಂಡಿರಲಿಲ್ಲ.

ಅದೇ ಹುಡುಗ ಒಂದು ದಿನ ನನ್ನ ದುರ್ಬೀನಿನ ಬಳಿ ಬಂದು ನಿಂತ. “ಎಂತ ಕಾಂತ್ರಿ ಮಾರ್ರೆ ದಿನಾ?”

“ಗರುಡನ್ ಮರಿ.”

“ಅದ್ರಗೆ ಎಂತ ಇತ್ತ್ ಕಾಂಬುಕೆ?”

ದುರ್ಬೀನು ಕೊಟ್ಟೆ. ಮರಿ ಎಲೆ ಬಿಟ್ಟಿತು, ತಪ್ಪಿತು, ಮತ್ತೆ ಹೋಯಿತು. ಅವನು ಬಹಳ ಹೊತ್ತು ದುರ್ಬೀನು ವಾಪಸು ಕೊಡಲಿಲ್ಲ.

ಊರಿನ ಶಾಲೆ ಕಾಲೇಜುಗಳ ಗೋಡೆಯ ಮೇಲೆ ವ್ಯಸನಮುಕ್ತಿಯ ಬರಹಗಳಿವೆ, ವರ್ಷಕ್ಕೊಮ್ಮೆ ಭಾಷಣವಿದೆ. ಹುಡುಗರು ಅವನ್ನು ಓದಿದ್ದಾರೆ, ಕೇಳಿದ್ದಾರೆ. ಹೇಳಿದ್ದು ಸಾಕು ಎಂಬುದು ನನ್ನ ತೀರ್ಮಾನ. ಹೊಳೆಯ ಬದಿಯಲ್ಲಿ, ಬಸ್ ನಿಲ್ದಾಣದ ಬಳಿ, ಆಟದ ಗದ್ದೆಯಂಚಿನಲ್ಲಿ ಮನೆಯಿರುವ ದೊಡ್ಡವರು ಸಂಜೆ ಒಂದು ಗಂಟೆ ಹೊರಗೆ ಬಂದು ಕೂರಲಿ. ಕೈಯಲ್ಲಿ ಏನಾದರೂ ಕೆಲಸವಿರಲಿ, ಬಾಯಿಯಲ್ಲಿ ಉಪದೇಶ ಬೇಡ. ಇಳಿತದ ಹೊತ್ತು ತಿಳಿದವರು ಅದನ್ನು ಹುಡುಗರಿಗೆ ಹೇಳಿಕೊಡಲಿ; ಹೊಳೆಯೂರಿನಲ್ಲಿ ಹುಟ್ಟಿದ ಮಗುವಿಗೆ, ಹುಡುಗಿಗೂ ಸೇರಿ, ಈಜು ಬರಲಿ. ಕೂತವರ ಅಳವಿಗೆ ಮೀರಿದ್ದು ಕಂಡರೆ ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಮಾದಕ ವ್ಯಸನಕ್ಕೆ 14446. ಮೂರೂ ಉಚಿತ ಕರೆಗಳು.